ಇಬ್ಬರೂ ದಾವೆ ಹಾಕಿದಾಗ ಖರ್ಚು ಯಾರ ತಲೆಗೆ?

ಇಂಗ್ಲೆಂಡಿನಲ್ಲಿ ಅಪಘಾತದ ಕೇಸುಗಳನ್ನು ನಡೆಸೋದು ನನ್ನ ಕೆಲಸ. ಈ ಕೇಸುಗಳಲ್ಲಿ ಪರಿಹಾರಕ್ಕಿಂತ ವಕೀಲರ ಖರ್ಚಿನ ಜಗಳವೇ ಎಷ್ಟೋ ಸಲ ಜೋರು. ಅದರಲ್ಲೂ ಇಬ್ಬರೂ ‘ನನಗೆ ಪೆಟ್ಟಾಗಿದೆ, ತಪ್ಪು ನಿನ್ನದು’ ಅಂತ ಬಂದರೆ ಕೇಳಲೇಬೇಡಿ.

2018ರ ಕೊನೆಯಲ್ಲಿ ನನಗೆ ಅಂಥದ್ದೇ ಒಂದು ಕೇಸಿತ್ತು. ನನ್ನ ಕಕ್ಷಿದಾರರು ಬೈಕಿನವರು, ಕಾಲು ಮುರಿದಿತ್ತು. ಕಾರಿನವರು ತಪ್ಪು ಒಪ್ಪಲಿಲ್ಲ. ಬದಲಿಗೆ ತಮ್ಮ ಕತ್ತು ನೋವಿಗೆ ಪರಿಹಾರ ಕೇಳಿ ಪ್ರತಿದಾವೆ ಹಾಕಿದರು. ನಾವು ಗೆದ್ದೆವು, ಪ್ರತಿದಾವೆ ವಜಾ ಆಯಿತು. ನಿಜವಾದ ಜಗಳ ಶುರುವಾಗಿದ್ದು ಆಮೇಲೆ.

ಸೋತವರು ಗೆದ್ದವರ ಖರ್ಚು ಕೊಡಬೇಕು ಅನ್ನೋದು ಇಲ್ಲಿನ ಮಾಮೂಲು ನಿಯಮ. ಗಾಯದ ಕೇಸುಗಳಿಗೆ ಮಾತ್ರ 2013ರ ಏಪ್ರಿಲ್‌ನಿಂದ ಒಂದು ರಕ್ಷಣೆ ಬಂದಿದೆ. ಅದರ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪ QOCS, ನಾವು ‘ಕ್ವಾಕ್ಸ್’ ಅಂತೀವಿ. ಗಾಯಕ್ಕೆ ಪರಿಹಾರ ಕೇಳಿದ ವಾದಿ ಸೋತರೂ ಎದುರಿನವರ ಖರ್ಚನ್ನು ಸಾಮಾನ್ಯವಾಗಿ ಅವರಿಂದ ವಸೂಲಿ ಮಾಡುವಂತಿಲ್ಲ. ಪ್ರತಿದಾವೆ ಹಾಕಿದವರೂ ವಾದಿಯೇ ಅಂತ ಅದೇ ನಿಯಮ ಹೇಳುತ್ತದೆ. ಎದುರು ವಕೀಲರು ಇದನ್ನೇ ಹಿಡಿದುಕೊಂಡರು. ‘ನಮ್ಮ ಕಾರಿನವರೂ ವಾದಿಯೇ, ಆದ್ದರಿಂದ ಬೈಕಿನವರ ದಾವೆಯ ಖರ್ಚಿನಿಂದಲೂ ಅವರಿಗೆ ರಕ್ಷಣೆ ಇದೆ’ ಅಂದರು. ಇದನ್ನು ಕೋರ್ಟು ಒಪ್ಪಿದ್ದರೆ ನಾವು ಗೆದ್ದೂ ಖರ್ಚಿನಲ್ಲಿ ಒಂದು ಪೆನ್ನಿ ಸಿಗುತ್ತಿರಲಿಲ್ಲ. ಸುಮ್ನೆ ಒಂದು ಪ್ರತಿದಾವೆ ಹಾಕಿಬಿಟ್ಟರೆ ಇಷ್ಟು ಲಾಭವೇ?

ತಮಾಷೆ ಅಂದರೆ ಅದೇ ವರ್ಷ ಇದರ ಮೇಲೆ ಎರಡು ತೀರ್ಪು ಬಂದಿದ್ದವು, ಒಂದಕ್ಕೊಂದು ತದ್ವಿರುದ್ಧ. ನ್ಯೂಕಾಸಲ್‌ನ ನ್ಯಾಯಾಧೀಶರು ಜೂನ್‌ನಲ್ಲಿ ಇಂಥ ಪ್ರತಿವಾದಿಗೆ ಪೂರ್ತಿ ರಕ್ಷಣೆ ಇದೆ ಅಂದಿದ್ದರು. ಬ್ರೈಟನ್‌ನಲ್ಲಿ ನವೆಂಬರ್‌ನಲ್ಲಿ, ಪ್ರತಿದಾವೆಯ ಮಟ್ಟಿಗೆ ಮಾತ್ರ ರಕ್ಷಣೆ, ಮೂಲ ದಾವೆಯ ಖರ್ಚಿಗೆ ಇಲ್ಲ ಅಂತಾಯಿತು. ಎರಡೂ ಕೌಂಟಿ ಕೋರ್ಟಿನವು, ಅಂದರೆ ಕೆಳಹಂತದ ಕೋರ್ಟಿನವು, ಹಾಗಾಗಿ ನಮ್ಮ ನ್ಯಾಯಾಧೀಶರು ಯಾವುದನ್ನೂ ಪಾಲಿಸಲೇಬೇಕು ಅಂತಿರಲಿಲ್ಲ. ನಾನು ಬ್ರೈಟನ್ ತೀರ್ಪು ಇಟ್ಟೆ, ಅವರು ನ್ಯೂಕಾಸಲ್‌ನದು. ನಮ್ಮ ನ್ಯಾಯಾಧೀಶರು ಬ್ರೈಟನ್ ಕಡೆ ವಾಲಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಹಾಗಾದರೆ ಖರ್ಚನ್ನು ಅರ್ಧರ್ಧ ಮಾಡಿ, ಪ್ರತಿದಾವೆಯ ಅರ್ಧಕ್ಕೆ ರಕ್ಷಣೆ ಕೊಡಿ ಅಂತ ಎದುರಿನವರು ಪಟ್ಟು ಹಿಡಿದರು. ಕೇಳೋಕೆ ನ್ಯಾಯ ಅನಿಸುತ್ತೆ ಅಲ್ವಾ? ಆದರೆ ಇದಕ್ಕೆ 1920ರ ದಶಕದಲ್ಲೇ, ಆಗಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ‘ಮೆಡ್‌ವೇ ಆಯಿಲ್’ ಕೇಸಿನಲ್ಲಿ ಉತ್ತರ ಕೊಟ್ಟಿದೆ. ಪ್ರತಿದಾವೆ ಇರದಿದ್ದರೂ ಆಗುತ್ತಿದ್ದ ಖರ್ಚೆಲ್ಲ ಮೂಲ ದಾವೆಯದು. ಪ್ರತಿದಾವೆಯಿಂದ ಹೆಚ್ಚಾದ ಖರ್ಚಷ್ಟೇ ಅದರ ಲೆಕ್ಕಕ್ಕೆ.

ಇಲ್ಲಿ ನನ್ನ ಸಮಯದ ದಾಖಲೆ ಕೆಲಸಕ್ಕೆ ಬಂತು. ಪ್ರತಿದಾವೆ ಬಂದ ದಿನದಿಂದಲೇ ಪ್ರತಿ ಕೆಲಸದ ಪಕ್ಕ ‘ದಾವೆ’, ‘ಪ್ರತಿದಾವೆ’, ‘ಎರಡಕ್ಕೂ’ ಅಂತ ಬರೆದಿಡುತ್ತಿದ್ದೆ. ಬೇಜಾರಿನ ಕೆಲಸ, ಕಚೇರಿಯಲ್ಲಿ ಯಾರಿಗೂ ಇಷ್ಟವಿಲ್ಲ. ಆದರೆ ಆ ಪಟ್ಟಿ ತೆಗೆದಾಗ ಸಾಕ್ಷಿಗಳು, ಜಾಗದ ನಕ್ಷೆ, ತಪ್ಪು ಯಾರದು ಅನ್ನೋ ವಾದ ಎಲ್ಲವೂ ‘ಎರಡಕ್ಕೂ’ ಪಟ್ಟಿಯಲ್ಲಿದ್ದವು. ಮೆಡ್‌ವೇ ಪ್ರಕಾರ ಅವೆಲ್ಲ ನಮ್ಮ ದಾವೆಯ ಖರ್ಚಾದವು. ಪ್ರತಿದಾವೆಗೆ ಉಳಿದದ್ದು ಕಾರಿನವರ ಕತ್ತಿನ ವೈದ್ಯಕೀಯ ವರದಿ ಓದಿದ್ದು, ಅದರ ಬಗ್ಗೆ ಬರೆದ ಕೆಲವು ಪತ್ರ, ಅಷ್ಟೇ. ಪಟ್ಟಿ ನೋಡಿದ ಮೇಲೆ ಅವರ ವಿಮಾ ಕಂಪನಿ ಚೌಕಾಸಿಗೆ ಬಂತು. ಬಿಲ್ಲು ರಾಜಿಯಲ್ಲೇ ಮುಗಿಯಿತು.

ದಾವೆಯ ಬುಡದಲ್ಲೇ ಅಪ್ರಾಮಾಣಿಕತೆ ಇದೆ ಅಂತ ಸಾಬೀತಾದರೆ ಈ ರಕ್ಷಣೆ ಹೋಗಬಹುದು. ಅದನ್ನೂ ಎತ್ತಿ ಅಂತ ಸಹೋದ್ಯೋಗಿಯೊಬ್ಬರು ಹೇಳಿದ್ದರು. ನಾನು ಎತ್ತಲಿಲ್ಲ. ಕಾರಿನವರ ಕತ್ತು ನೋವು ನಿಜವೇ ಇತ್ತು, ತಪ್ಪು ಅವರದಾಗಿತ್ತು ಅಷ್ಟೇ.

ಈಗ ಲೆಕ್ಕ ಇನ್ನೊಂದಿಷ್ಟು ಬದಲಾಗಿದೆ. ರಕ್ಷಣೆ ಇರುವ ವಾದಿಯಿಂದ ಎದುರಿನವರ ಖರ್ಚು ವಸೂಲಿ ಮಾಡೋಕೆ ಒಂದು ಮಿತಿ ಇದೆ, ವಾದಿಗೆ ಸಿಕ್ಕ ಹಣದಷ್ಟು. 2023ರ ಏಪ್ರಿಲ್ 6ರಿಂದ ದಾಖಲಾದ ಕೇಸುಗಳಲ್ಲಿ, ವಾದಿಗೆ ಸಿಗುವ ಪರಿಹಾರವಷ್ಟೇ ಅಲ್ಲ, ಅವರಿಗೆ ಬರುವ ಖರ್ಚಿನ ಹಣವೂ ವಸೂಲಿಯ ಮಿತಿಗೆ ಸೇರುತ್ತದೆ. ಇಬ್ಬರೂ ಸ್ವಲ್ಪ ಸ್ವಲ್ಪ ಗೆದ್ದ ಕೇಸುಗಳಲ್ಲಿ ಇದರ ಪೆಟ್ಟು ಜಾಸ್ತಿ. ಹಾಗಾಗಿ ಈಗ ರಾಜಿಯ ಮಾತು ಬಂದಾಗ ದಾವೆ, ಪ್ರತಿದಾವೆ ಎರಡಕ್ಕೂ ಬೇರೆ ಬೇರೆ ಮೊತ್ತ ಬರೆದೇ ಕಳಿಸುತ್ತೇನೆ.