ಕ್ಯಾಲ್ಸಿಯಂ ಫೆಲ್ಡ್‌ಸ್ಪಾರ್ ಗುರುತು ಹಿಡಿಯುವುದು ಹೇಗೆ? ಲೆನ್ಸು, ಚಾಕು, ತಕ್ಕಡಿ ಇದ್ದರೆ ಸಾಕು

ಅಡುಗೆಮನೆ ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿಸಿದ್ದೀರಾ? ಹಾಗಿದ್ದರೆ ಅಲ್ಲಿಂದಲೇ ಶುರು ಮಾಡಿ. ಪಾಲಿಶ್ ಆದ ಮುಖ ಬೇಡ. ಸಿಂಕ್‌ಗೆ ಕೊರೆದಾಗ ಉಳಿದ ತುಂಡು ಹಿತ್ತಲ ಮೂಲೆಯಲ್ಲೆಲ್ಲೋ ಬಿದ್ದಿರುತ್ತದೆ, ಅದನ್ನು ಹುಡುಕಿ ತೆಗೆಯಿರಿ. ಹೊಸದಾಗಿ ಒಡೆದ ಕಡೆಯನ್ನು ಬಿಸಿಲಿಗೆ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನೋಡಿ. ಕಪ್ಪಿನ ನಡುವೆ ಬೂದು ಬಣ್ಣದ ಸಣ್ಣ ಸಣ್ಣ ಕಡ್ಡಿಗಳು ಅಡ್ಡಾದಿಡ್ಡಿ ಬಿದ್ದಿವೆ ಅಲ್ವಾ? ಅವೇ ಪ್ಲಾಜಿಯೋಕ್ಲೇಸ್. ಕಲ್ಲುಗಳಲ್ಲಿ ತುಂಬಾ ಸಾಮಾನ್ಯವಾದ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಗುಂಪಿನಲ್ಲಿ ಸೋಡಿಯಂ, ಕ್ಯಾಲ್ಸಿಯಂ ಇರುವ ಬಗೆ ಇದು. ಚಾಮರಾಜನಗರ ಕಡೆಯ ಕಪ್ಪು ಗ್ರಾನೈಟ್ ಹೆಸರಿಗಷ್ಟೇ ಗ್ರಾನೈಟ್, ಅಸಲಿಗೆ ಅದು ಡಾಲರೈಟ್, ಕರಗಿದ ಕಲ್ಲು ನೆಲದೊಳಗೆ ತಣ್ಣಗಾಗಿ ಆದ ಕಪ್ಪು ಕಲ್ಲು. ಅದರೊಳಗಿನ ಫೆಲ್ಡ್‌ಸ್ಪಾರ್‌ನಲ್ಲಿ ಸಾಮಾನ್ಯವಾಗಿ ಸೋಡಿಯಂಗಿಂತ ಕ್ಯಾಲ್ಸಿಯಂ ಜಾಸ್ತಿ.

ಪ್ಲಾಜಿಯೋಕ್ಲೇಸ್ ಅಂದರೆ ಒಂದೇ ಖನಿಜ ಅಲ್ಲ, ಒಂದು ಸಾಲು. ಈ ತುದಿಗೆ ಸೋಡಿಯಂನ ಆಲ್ಬೈಟ್, ಆ ತುದಿಗೆ ಕ್ಯಾಲ್ಸಿಯಂನ ಅನಾರ್ಥೈಟ್, ನಡುವೆ ಎರಡೂ ಬೆರೆತವು. ಕ್ಯಾಲ್ಸಿಯಂ ತುದಿಯ ಪಾಲು ಶೇಕಡಾ 50ರಿಂದ 70 ಇದ್ದರೆ ಲ್ಯಾಬ್ರಡೊರೈಟ್, 70ರಿಂದ 90 ಇದ್ದರೆ ಬೈಟೌನೈಟ್, 90 ದಾಟಿದರೆ ಅನಾರ್ಥೈಟ್. ಅನಾರ್ಥೈಟ್‌ಗೆ 1823ರಲ್ಲಿ ಹೆಸರಿಟ್ಟವರು ಜರ್ಮನಿಯ ಗುಸ್ತಾವ್ ರೋಸ, ಇಟಲಿಯ ವೆಸುವಿಯಸ್ ಪಕ್ಕದ ಮಾಂಟೆ ಸೊಮ್ಮಾದ ಹರಳುಗಳನ್ನು ನೋಡಿ. ಗ್ರೀಕ್‌ನಲ್ಲಿ ಅದರರ್ಥ 'ನೆಟ್ಟಗಿಲ್ಲದ್ದು'.

ಆ ಸೊಟ್ಟತನವೇ ನಿಮಗೆ ಮೊದಲ ಸುಳಿವು. ಫೆಲ್ಡ್‌ಸ್ಪಾರ್ ಒಡೆದರೆ ಎರಡು ದಿಕ್ಕಿನಲ್ಲಿ ನುಣ್ಣಗೆ ಸೀಳುತ್ತದೆ. ಆ ಎರಡು ಮುಖಗಳು ಸೇರುವ ಕೋನ ನೋಡಿದರೆ 90 ಡಿಗ್ರಿ ಅನ್ನಿಸುತ್ತದೆ, ಆದರೆ ಅನಾರ್ಥೈಟ್‌ನಲ್ಲಿ ಸುಮಾರು 86. ಕಣ್ಣಳತೆಗೆ ಇದು ಸಿಗುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ. ನುಣ್ಣಗೆ ಸೀಳಿದೆಯೋ ಇಲ್ಲವೋ ಅಷ್ಟೇ ನೋಡಿ. ಬೆಣಚುಕಲ್ಲು ಹಾಗೆ ಸೀಳುವುದಿಲ್ಲ, ಗಾಜಿನ ಹಾಗೆ ಬಾಗಿ ಒಡೆಯುತ್ತದೆ.

ಈಗ ಚಾಕು. ಸಾಧಾರಣ ಅಡುಗೆ ಚಾಕುವಿನಿಂದ ಫೆಲ್ಡ್‌ಸ್ಪಾರ್ ಮೇಲೆ ಗೀರು ಬೀಳಬಾರದು, ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಪಟ್ಟಿಯಲ್ಲಿ ಅದು 6ರಿಂದ 6.5. ಇದನ್ನು ನಾನು ಹಾಗೇ ಬಿಟ್ಟು ಒಮ್ಮೆ ಕೆಟ್ಟೆ. ವಿಜಯಪುರ ಕಡೆಯಿಂದ ತಂದ ಬಿಳಿ ತುಂಡು ಚೆನ್ನಾಗಿ ಸೀಳಿತ್ತು, ಹೊಳೆಯುತ್ತಿತ್ತು, ಒಂದು ವಾರ ಎಲ್ಲರಿಗೂ ಫೆಲ್ಡ್‌ಸ್ಪಾರ್ ಅಂತ ತೋರಿಸಿದೆ. ಆಮೇಲೆ ಸುಮ್ನೆ ಚಾಕು ಎಳೆದು ನೋಡಿದರೆ ಬೆಣ್ಣೆ ಮೇಲೆ ಎಳೆದ ಹಾಗೆ ಗೀರು. ಕ್ಯಾಲ್ಸೈಟ್! ಅಲ್ಲಿನ ಕಪ್ಪು ಬಸಾಲ್ಟ್‌ನ (ಲಾವಾ ಗಟ್ಟಿಯಾಗಿ ಆದ ಕಲ್ಲು) ಪೊಳ್ಳುಗಳಲ್ಲಿ ಅದು ಬೇಕಾದಷ್ಟು ಸಿಗುತ್ತದೆ.

ಇಲ್ಲೇ ಇನ್ನೊಂದು ಮಾತು. ಕ್ಯಾಲ್ಸಿಯಂ ಇದೆ ಅಂದಮೇಲೆ ಆಸಿಡ್ ಹಾಕಿದರೆ ನೊರೆ ಬರಬೇಕಲ್ವಾ ಅಂತ ಕೇಳುವವರು ತುಂಬಾ ಜನ. ಬರುವುದಿಲ್ಲ. ಸುಣ್ಣದ ಕಲ್ಲಿನಲ್ಲಿ ನೊರೆ ತರಿಸುವುದು ಕಾರ್ಬೊನೇಟ್, ಕ್ಯಾಲ್ಸಿಯಂ ಅಲ್ಲ. ಅನಾರ್ಥೈಟ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಮೆಲ್ಲಗೆ ಕರಗಿ ಲೋಳೆಯಂಥ ಸಿಲಿಕಾ ಬಿಡುತ್ತದೆ ನಿಜ, ಆದರೆ ಬಾತ್‌ರೂಮ್ ಆಸಿಡ್ ತಂದು ಮನೆಯಲ್ಲಿ ಆ ಪ್ರಯೋಗ ದಯವಿಟ್ಟು ಮಾಡಬೇಡಿ.

ಫೆಲ್ಡ್‌ಸ್ಪಾರ್ ಅಂತ ಖಚಿತವಾಯಿತು ಅಂದುಕೊಳ್ಳಿ. ಇನ್ನು ಪ್ಲಾಜಿಯೋಕ್ಲೇಸ್ ಹೌದೋ ಅಲ್ಲವೋ? ಚೆನ್ನಾಗಿ ಸೀಳಿದ ಮುಖವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓರೆ ಮಾಡುತ್ತಾ ಹೋಗಿ. ಒಂದು ಹಂತದಲ್ಲಿ ಕೂದಲೆಳೆಯಂಥ ನೇರ ಗೆರೆಗಳು ಫಕ್ಕನೆ ಕಾಣಿಸುತ್ತವೆ, ಸ್ಕೇಲು ಇಟ್ಟು ಎಳೆದ ಹಾಗೆ, ಒಂದಕ್ಕೊಂದು ಸಮಾನಾಂತರವಾಗಿ. ಹರಳು ಬೆಳೆಯುವಾಗ ಪದರ ಪದರವಾಗಿ ದಿಕ್ಕು ತಿರುಗಿಸಿಕೊಂಡದ್ದರ ಗುರುತು ಅದು. ಗುಲಾಬಿ ಬಣ್ಣದ ಪೊಟ್ಯಾಶ್ ಫೆಲ್ಡ್‌ಸ್ಪಾರ್‌ನಲ್ಲಿ ಇಂಥ ನೇರ ಗೆರೆ ಸಿಗುವುದಿಲ್ಲ, ಅಂಕುಡೊಂಕು ಎಳೆಗಳು ಇರಬಹುದು. ಗೆರೆ ಕಂಡರೆ ಪ್ಲಾಜಿಯೋಕ್ಲೇಸ್. ಕಾಣದಿದ್ದರೆ ಅಲ್ಲ ಅನ್ನುವ ಹಾಗಿಲ್ಲ, ಇನ್ನೊಂದು ತುಂಡು ನೋಡಿ.

ಕ್ಯಾಲ್ಸಿಯಂ ಎಷ್ಟಿದೆ ಅನ್ನುವುದಕ್ಕೆ ತಕ್ಕಡಿ ಬೇಕು, ನನಗೆ ತುಂಬಾ ಇಷ್ಟವಾದ ಭಾಗ ಇದು. ಆಲ್ಬೈಟ್‌ನ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು) 2.62, ಅನಾರ್ಥೈಟ್‌ನದು ಸುಮಾರು 2.75. ಕಲ್ಲನ್ನು ಒಣಗಿದ್ದಾಗ ತೂಗಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಕಲ್ಲಿಗೆ ತೆಳ್ಳನೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ನೇತುಹಾಕಿ. ತಳಕ್ಕೂ ಅಂಚಿಗೂ ತಾಗಬಾರದು. ಆಗ ತೋರಿಸುವ ಸಂಖ್ಯೆಯಿಂದ ಮೊದಲಿನ ತೂಕವನ್ನು ಭಾಗಿಸಿ. ನನ್ನ ಹತ್ತಿರದ ಲ್ಯಾಬ್ರಡೊರೈಟ್ ತುಂಡು ಒಣಗಿದ್ದಾಗ 81.4 ಗ್ರಾಂ, ನೀರಲ್ಲಿ 30.1, ಅಂದರೆ 2.70. ಸರಿಯಾಗಿ ಬಂತು. ಆದರೆ ಆ 30.1 ತಪ್ಪಿ 31.1 ಆಗಿದ್ದರೆ ಉತ್ತರ 2.62, ಆಲ್ಬೈಟ್ ಆಗಿಬಿಡುತ್ತಿತ್ತು! ಹಾಗಾಗಿ ಒಂದೊಂದೇ ಗ್ರಾಂ ತೋರಿಸುವ ತಕ್ಕಡಿ ಇದಕ್ಕೆ ದಂಡ, 0.1 ಗ್ರಾಂ ತೋರಿಸುವುದೇ ಬೇಕು. ಕಲ್ಲಿಗೆ ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಉಜ್ಜಿ ತೆಗೆಯಿರಿ. ಇಡೀ ಕಪ್ಪು ಗ್ರಾನೈಟ್ ತುಂಡನ್ನು ತೂಗಿದರೆ ಸುಮಾರು 3 ಬರುತ್ತದೆ, ಅದು ಜೊತೆಗಿರುವ ಪೈರಾಕ್ಸೀನ್ ಅನ್ನುವ ಕಪ್ಪು ಖನಿಜದ ಭಾರ. ಒಂದೇ ಖನಿಜದ ತುಂಡು ಇರಬೇಕು.

ಎಲ್ಲಿ ಹುಡುಕಬೇಕು? ಬೆಂಗಳೂರಿನ ಜಲ್ಲಿ ರಾಶಿಯಲ್ಲಿ ಬೇಡ, ಅಲ್ಲಿ ಹೆಚ್ಚಾಗಿ ಸಿಗುವುದು ಸೋಡಿಯಂ ಮತ್ತು ಪೊಟ್ಯಾಶ್ ಕಡೆಯವು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಬಸಾಲ್ಟ್ ಒಳ್ಳೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಅದು. ಲಾವಾ ತಣ್ಣಗಾಗುವಾಗ ಕ್ಯಾಲ್ಸಿಯಂ ಜಾಸ್ತಿ ಇರುವ ಫೆಲ್ಡ್‌ಸ್ಪಾರ್ ಮೊದಮೊದಲೇ ಹರಳಾಗುತ್ತದೆ. ಹಾಗೆ ಬಿಸಿಯಲ್ಲಿ ಹುಟ್ಟಿದ್ದು ಮಳೆ ಗಾಳಿಗೆ ಬೇಗ ಹಾಳಾಗಿ ಜೇಡಿಯಾಗುತ್ತದೆ, ಅದಕ್ಕೇ ಹೊಳೆಯ ಮರಳಿನಲ್ಲಿ ಹುಡುಕಿ ಲಾಭ ಇಲ್ಲ. ಅಂಗಡಿಯ 'ಬ್ಲೂ ಪರ್ಲ್' ಕಲ್ಲಿನ ನೀಲಿ ಮಿಂಚಿಗೂ ಮರುಳಾಗಬೇಡಿ, ಲ್ಯಾಬ್ರಡೊರೈಟ್ ಕೂಡ ಹಾಗೆ ಮಿಂಚುವುದುಂಟು, ಆದರೆ ಇದು ನಾರ್ವೆಯ ಲಾರ್ವಿಕೈಟ್ ಅನ್ನುವ ಬೇರೆ ಕಲ್ಲು. ಶುದ್ಧ ಅನಾರ್ಥೈಟ್‌ಗೆ ಆ ಬಣ್ಣದಾಟವೇ ಇಲ್ಲ, ಬರೀ ಬಿಳಿ ಅಥವಾ ಬೂದು.

ಹತ್ತಿರದಲ್ಲಿ ನಿಜವಾದ ಖಜಾನೆ ಅಂದರೆ ತಮಿಳುನಾಡಿನ ನಾಮಕ್ಕಲ್ ಕಡೆಯ ಸಿತ್ತಂಪುಂಡಿ. ಅಲ್ಲಿನ ಅನಾರ್ಥೊಸೈಟ್ ಅನ್ನುವ ಕಲ್ಲು ಬಹುಪಾಲು ಕ್ಯಾಲ್ಸಿಯಂ ಪ್ಲಾಜಿಯೋಕ್ಲೇಸೇ. ಚಂದ್ರಯಾನ-2ರ ಪರೀಕ್ಷೆಗೆ ಬೆಂಗಳೂರಿನಲ್ಲಿ ಚಂದ್ರನಂಥ ನೆಲ ಮಾಡಬೇಕಾದಾಗ ಇಸ್ರೋ ಆ ಕಡೆಯ ಕಲ್ಲನ್ನೇ ಪುಡಿ ಮಾಡಿಸಿ ತರಿಸಿತು. ಯಾಕೆ ಅಂದರೆ ಚಂದ್ರನ ಬೆಳ್ಳಗಿನ ಭಾಗ ಇದೇ ಕಲ್ಲು. ಚಂದ್ರ ಹುಟ್ಟಿದಾಗ ಮೇಲೆಲ್ಲ ಕರಗಿದ ಕಲ್ಲಿನ ಸಮುದ್ರವಿತ್ತು, ನಮ್ಮ ತಕ್ಕಡಿಯ ಆ 2.75 ಅದರಲ್ಲಿ ಹಗುರ, ಹಾಗಾಗಿ ಹರಳುಗಳು ಕೆನೆಯ ಹಾಗೆ ತೇಲಿ ಮೇಲೆ ಗಟ್ಟಿಯಾದವು ಅನ್ನುವುದು ಹೆಚ್ಚಿನವರು ಒಪ್ಪಿರುವ ವಿವರಣೆ. 1971ರಲ್ಲಿ ಅಪೊಲೊ 15ರವರು ತಂದ 269 ಗ್ರಾಂನ 'ಜೆನೆಸಿಸ್ ರಾಕ್' ಹೆಚ್ಚುಕಮ್ಮಿ ಪೂರ್ತಿ ಅನಾರ್ಥೈಟ್. 2023ರಲ್ಲಿ ನಮ್ಮ ಪ್ರಜ್ಞಾನ್ ರೋವರ್ ಅಳೆದ ಮಣ್ಣೂ ಇದೇ ಜಾತಿ.

ಕೊನೆಗೆ ಚೀಟಿ ಅಂಟಿಸುವಾಗ ಆತುರ ಬೇಡ. ಬೈಟೌನೈಟೋ ಅನಾರ್ಥೈಟೋ ಅಂತ ಮನೆಯಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೆ ಕಲ್ಲನ್ನು ಕಾಗದಕ್ಕಿಂತ ತೆಳ್ಳಗೆ, 0.03 ಮಿಲಿಮೀಟರ್‌ಗೆ ಸವೆಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಕೇಳಿ ನೋಡಿ. ಅಲ್ಲಿವರೆಗೆ 'ಪ್ಲಾಜಿಯೋಕ್ಲೇಸ್, 2.7, ಕ್ಯಾಲ್ಸಿಯಂ ಜಾಸ್ತಿ ಇರಬಹುದು' ಅಂತ ಬರೆದು, ಕೆಳಗೆ ಊರಿನ ಹೆಸರು ಹಾಕಿಡಿ.