ದುಬೈ ಡಿಕ್ರಿ, ಮುಲುಂಡಿನ ಫ್ಲಾಟು

ದುಬೈ ಕೋರ್ಟಿನಲ್ಲಿ ಗೆದ್ದವರು ಮುಂಬೈ ಫೋರ್ಟಿನ ನನ್ನ ಆಫೀಸಿಗೆ ಬಂದು ಕೇಳುವುದು ಒಂದೇ ಮಾತು: "ವಕೀಲ್ರೇ, ಇಲ್ಲಿ ಮತ್ತೆ ಮೊದಲಿಂದ ಕೇಸ್ ನಡೆಸಬೇಕಾ?"

ಬೇಡ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಕೆಳಗೆ ತಂದಿತು. ಅಲ್ಲಿನ ಹಣದ ಡಿಕ್ರಿಯನ್ನು, ಅಂದರೆ ಇಷ್ಟು ದುಡ್ಡು ಕೊಡು ಎಂಬ ಕೋರ್ಟಿನ ಅಂತಿಮ ಆದೇಶವನ್ನು, ಇಲ್ಲಿನದೇ ಡಿಕ್ರಿ ಅನ್ನುವ ಹಾಗೆ ಜಾರಿ ಮಾಡಿಸಬಹುದು. ಬ್ರಿಟನ್, ಸಿಂಗಾಪುರಕ್ಕೂ ಇದೇ ದಾರಿ. ಅಮೆರಿಕದಂಥ, ಈ ಪಟ್ಟಿಯಲ್ಲಿರದ ದೇಶದ ತೀರ್ಪಾದರೆ ಮೂರು ವರ್ಷದೊಳಗೆ ಇಲ್ಲಿ ಹೊಸ ದಾವೆ ಹಾಕಬೇಕು.

ಉಡುಪಿ ಕಡೆಯ ವ್ಯಾಪಾರಿಯೊಬ್ಬರು ಹೀಗೇ ಬಂದರು. ಪಾಲುದಾರ ದುಡ್ಡು ಕೊಡದೆ ಮುಂಬೈ ಸೇರಿದ್ದ. ಮುಲುಂಡಿನಲ್ಲಿ ಅವನಿಗೊಂದು ಫ್ಲಾಟ್. ಇವರು ತೀರ್ಪು ಮುಂದಿಟ್ಟರು. "ಇದು ಆಮೇಲೆ ಮಾರಾಯ್ರೇ, ಸಮನ್ಸ್ ಮುಟ್ಟಿದ ಕಾಗದ ಎಲ್ಲಿ?" ಅಂದೆ.

ಯಾಕೆಂದರೆ ಎದುರಾಳಿ ಹಿಡಿಯುವುದು ವಿದೇಶಿ ತೀರ್ಪು ಯಾವಾಗ ನಡೆಯುವುದಿಲ್ಲ ಎಂದು ಹೇಳುವ ಅದೇ ಸಂಹಿತೆಯ 13ನೇ ಕಲಮನ್ನೇ. ನನಗೆ ನೋಟಿಸೇ ಬಂದಿಲ್ಲ, ಸಾಕ್ಷ್ಯ ನೋಡದೆ ಸುಮ್ನೆ ಏಕಪಕ್ಷೀಯ ತೀರ್ಪು ಕೊಟ್ಟಿದ್ದಾರೆ ಅನ್ನುತ್ತಾನೆ. ಅದು ನಿಜವೆಂದು ಕಂಡರೆ ಡಿಕ್ರಿ ಇಲ್ಲಿ ನಡೆಯುವುದಿಲ್ಲ. ಇವರ ಕಡತ ಗಟ್ಟಿಯಾಗಿತ್ತು. ಲೆಕ್ಕ ತಜ್ಞರ ವರದಿ ಇತ್ತು, ಆ ವಿಚಾರಣೆಗೆ ಎದುರಾಳಿಯ ವಕೀಲ ಹಾಜರಾದ ದಾಖಲೆಯೂ ಇತ್ತು. ಅದನ್ನು ಓದಿದಾಗಲೇ ನನಗೆ ಧೈರ್ಯ ಬಂತು.

ಜಾಸ್ತಿ ಓಡಾಡಿಸಿದ್ದು ಕಾಗದಪತ್ರ. ತೀರ್ಪಿನ ದೃಢೀಕೃತ ಪ್ರತಿ, ಅರಬ್ಬಿಯಿಂದ ಇಂಗ್ಲಿಷಿಗೆ ಅನುವಾದ, ಅದರ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮೊಹರು, ನಮ್ಮ ಕಾನ್ಸುಲೇಟಿನ ಮೊಹರು. ಜೊತೆಗೆ ಎಷ್ಟು ವಸೂಲಾಗಿದೆ ಎಂದು ದುಬೈ ಕೋರ್ಟೇ ಕೊಡುವ ಪ್ರಮಾಣಪತ್ರ. ಒಂದು ಪೈಸೆ ಬಂದಿರದಿದ್ದರೂ ಇದು ಬೇಕೇ ಬೇಕು. ನೀವು ಅಲ್ಲಿರುವಾಗಲೇ ಇದನ್ನು ತೆಗೆಸಿಕೊಳ್ಳಿ ಎಂದು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ದುಬೈ ಬಿಟ್ಟಮೇಲೆ ತರಿಸುವುದು ದೊಡ್ಡ ಪಾಡು.

ಬಾಂಬೆ ಹೈಕೋರ್ಟಿನಲ್ಲಿ ಅರ್ಜಿ ಹಾಕಿದೆವು. ಆಸ್ತಿ ಪಕ್ಕದ ಠಾಣೆ ಜಿಲ್ಲೆಯಲ್ಲಿದ್ದರೆ ಅಲ್ಲಿನ ಜಿಲ್ಲಾ ಕೋರ್ಟಿಗೆ ಹೋಗಬೇಕಿತ್ತು. ಡಿಕ್ರಿ ಯಾಕೆ ಜಾರಿ ಮಾಡಬಾರದು ಹೇಳು ಎಂದು ಎದುರಾಳಿಗೆ ಸಂಹಿತೆಯ ಆದೇಶ 21ರ 22ನೇ ನಿಯಮದ ನೋಟಿಸ್ ಹೋಯಿತು. ನಿರೀಕ್ಷೆಯಂತೆ, "ನನಗೆ ಗೊತ್ತೇ ಇರಲಿಲ್ಲ" ಎಂಬ ಉತ್ತರ ಬಂತು. ಅವನದೇ ವಕೀಲರ ಹಾಜರಿ ತೋರಿಸಿದೆವು. ವಾದ ಅಲ್ಲಿಗೆ ಬಿತ್ತು.

ಆಮೇಲೆ ಫ್ಲಾಟ್ ಜಪ್ತಿ. ಆದೇಶದ ಪ್ರತಿಯನ್ನು ಅವನ ಬಾಗಿಲಿಗೆ ಅಂಟಿಸಿದರು, ಸೊಸೈಟಿ ಆಫೀಸಿಗೂ ಒಂದು ಕೊಟ್ಟರು. ಫ್ಲಾಟ್ ಮಾರುವ ದಾರಿ ಮುಚ್ಚಿದ ಮೇಲೆ ಅವನೇ ರಾಜಿಗೆ ಬಂದ. ಕಂತುಗಳನ್ನು ಕೋರ್ಟಿನಲ್ಲೇ ಬರೆಸಿದೆವು. ಕೊನೆಯ ಕಂತು ಕೈಸೇರುವವರೆಗೆ ಜಪ್ತಿ ತೆರವಿಗೆ ನಾನು ಒಪ್ಪಲಿಲ್ಲ.