ಯಾವುದು ಅಲುಗುತ್ತದೆ? ಅಡಿಕೆ ರಾಶಿಯ ಮುಂದೆ ಕೂತು ಕಲಿತ ಸಂಖ್ಯಾಶಾಸ್ತ್ರ

ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ನನಗೆ ಸಿಕ್ಕಿದ್ದು 40ಕ್ಕೆ 7. ಬಿ.ಕಾಂ. ಎರಡನೆಯ ವರ್ಷ, ಸಂಖ್ಯಾಶಾಸ್ತ್ರದ ಪೇಪರು. ಹತ್ತನೆಯವರೆಗೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದಲ್ಲಿ ಓದಿದವಳು, ಗಣಿತದಲ್ಲಿ ಯಾವತ್ತೂ ಬಿದ್ದವಳಲ್ಲ. ಸೂತ್ರಗಳೆಲ್ಲ ಬಾಯಿಗೆ ಬರುತ್ತಿದ್ದವು. ಆದರೂ 7.

ಉತ್ತರಪತ್ರಿಕೆ ಕೈಗೆ ಬಂದ ಮೇಲೆ ಎಲ್ಲಿ ಎಡವಿದೆ ಎಂದು ನೋಡಿದರೆ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ತಪ್ಪೆಲ್ಲ ಪ್ರಶ್ನೆ ಓದುವಲ್ಲಿ. 'ಅಟ್ ಲೀಸ್ಟ್ ಟೂ' ಎಂದಲ್ಲಿ ನಾನು ಎರಡರ ಸಂಭವನೀಯತೆ ಮಾತ್ರ ಹಾಕಿದ್ದೆ. 'ನಾಟ್ ಮೋರ್ ದ್ಯಾನ್ ತ್ರೀ' ಎಂದಲ್ಲಿ ಮೂರನ್ನು ಬಿಟ್ಟಿದ್ದೆ. ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ಮಲಯಾಳದಲ್ಲಿ, ಯೋಚನೆ ಕನ್ನಡದಲ್ಲಿ. ಮೂರರ ನಡುವೆ ಎಲ್ಲೋ 'ಕನಿಷ್ಠ' ಉದುರಿಹೋಗುತ್ತಿತ್ತು. ಮಲಯಾಳದಲ್ಲಿ ಇದೇ ವಿಷಯಕ್ಕೆ 'ಸಾಧ್ಯತೆ' ಎನ್ನುತ್ತಾರೆ, ನಮ್ಮ ಪುಸ್ತಕಗಳಲ್ಲಿ ಅದು 'ಸಂಭವನೀಯತೆ'. ನನ್ನ ಕಿವಿಗೆ 'ಸಾಧ್ಯತೆ ಉಂಟು' ಎಂದರೆ ಆಗಲೂಬಹುದು ಎಂದಷ್ಟೇ. ಅದಕ್ಕೊಂದು ಅಂಕಿ ಇರುತ್ತದೆ ಎಂಬುದು ತಲೆಗೆ ಹೋಗಲಿಕ್ಕೇ ಒಂದು ತಿಂಗಳು ಬೇಕಾಯಿತು.

ಆಮೇಲೆ ನಾನು ಮಾಡಿದ ಮೊದಲ ಕೆಲಸ, ಪ್ರಶ್ನೆಯನ್ನು ಬಿಡಿಸುವ ಮೊದಲು ಕನ್ನಡದಲ್ಲಿ ಬರೆದುಕೊಳ್ಳುವುದು. ಶಬ್ದಕ್ಕೆ ಶಬ್ದ ಅಲ್ಲ. ಬಲ್ಬು, ಬೋಲ್ಟು ಎಲ್ಲ ತೆಗೆದು ಅಡಿಕೆ ಹಾಕುವುದು. ಆಗ ಚಳಿಗಾಲ, ಅಂಗಳದಲ್ಲಿ ಒಣಗಿದ ಅಡಿಕೆ ಸುಲಿದು ಚಾವಡಿಯಲ್ಲಿ ರಾಶಿ ಬಿದ್ದಿತ್ತು. ನನಗೂ ದಿನಾ ಸಂಜೆ ಹೆಕ್ಕುವ ಕೆಲಸ: ಒಳ್ಳೆಯ ಚಾಲಿ ಒಂದು ಕಡೆ, ಪಟೋರ, ಉಳ್ಳಿ, ಕರಿಗೋಟು ಬೇರೆ ಬೇರೆ. ಈ ಮೂರೂ ಕಡಿಮೆ ದರಕ್ಕೆ ಹೋಗುವ ದರ್ಜೆಗಳು. ಕೈ ಹೆಕ್ಕುತ್ತಿರುವಾಗ ತಲೆಗೆ ಬೇರೆ ಕೆಲಸ ಇರಲಿಲ್ಲ.

ಉದಾಹರಣೆಗೆ, ಹೆಕ್ಕದ ರಾಶಿಯಲ್ಲಿ 10% ಪಟೋರ ಉಂಟು ಎಂದಿಟ್ಟುಕೊಳ್ಳಿ. ಅಂಗಡಿಯವ ಬಂದು ಒಂದು ಬೊಗಸೆ, ಅಂದರೆ 20 ಅಡಿಕೆ, ತೆಗೆದು ನೋಡುತ್ತಾನೆ. ಒಂದೂ ಪಟೋರ ಕಾಣದಿರುವ ಸಂಭವನೀಯತೆ ಎಷ್ಟು? ಪ್ರತಿ ಅಡಿಕೆಯೂ ಒಳ್ಳೆಯದೇ ಬರಬೇಕು, ಹಾಗಾಗಿ 0.9ನ್ನು 20 ಸಲ ಗುಣಿಸಬೇಕು: 0.1216. ಕನಿಷ್ಠ ಒಂದು ಕಾಣುವ ಸಂಭವನೀಯತೆ ಅದನ್ನು 1ರಿಂದ ಕಳೆದಷ್ಟು, 0.8784. ಒಂದು, ಎರಡು, ಮೂರು ಎಂದು ಇಪ್ಪತ್ತರವರೆಗೆ ಕೂಡಿಸುತ್ತಾ ಹೋಗುವ ದಡ್ಡತನ ನಾನು ಪರೀಕ್ಷೆಯಲ್ಲಿ ಮಾಡಿದ್ದೆ, ಏಳರ ಹತ್ತಿರ ಗಂಟೆ ಹೊಡೆಯಿತು. ಸರಿಯಾಗಿ ಒಂದು ಬರುವುದು 0.2702, ಸರಿಯಾಗಿ ಎರಡು ಬರುವುದು 0.2852. ಹೆಚ್ಚೆಂದರೆ ಎರಡು ಎಂದರೆ ಸೊನ್ನೆ, ಒಂದು, ಎರಡು ಮೂರನ್ನೂ ಕೂಡಿಸಿ 0.677. ಇಷ್ಟೇ ಬೈನಾಮಿಯಲ್. ಎಷ್ಟು ಸಲ ತೆಗೆದೆವು ಎಂಬುದು ನಿಶ್ಚಯ, ಪ್ರತಿ ಸಲವೂ ಎರಡೇ ಫಲ, ಸಂಭವನೀಯತೆ ಪ್ರತಿ ಸಲವೂ ಒಂದೇ, ಒಂದು ಅಡಿಕೆಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಈ ನಾಲ್ಕೂ ಕೂಡಿ ಬಂದರೆ ಮಾತ್ರ. ಮಳೆಗೆ ನೆನೆದ ಅಡಿಕೆ ಒಂದೇ ಮೂಲೆಯಲ್ಲಿ ಗುಂಪಾಗಿ ಬಿದ್ದಿದ್ದು, ಅಂಗಡಿಯವ ಅಲ್ಲಿಂದಲೇ ಬೊಗಸೆ ತೆಗೆದರೆ ನಾಲ್ಕನೆಯದು ಮುರಿಯಿತು, ಲೆಕ್ಕವೂ ಮುರಿಯಿತು.

ಒಂದು ಅವಧಿಯಲ್ಲಿ ಒಂದು ಘಟನೆ ಎಷ್ಟು ಸಲ ಆಗುತ್ತದೆ ಎಂದು ಲೆಕ್ಕ ಹಾಕುವುದು ಪಾಯ್ಸನ್ ಹಂಚಿಕೆ. ಅದಕ್ಕೆ ನನ್ನ ಹತ್ತಿರ ಇದ್ದ ಉದಾಹರಣೆ ಮಳೆಗಾಲದ ಕರೆಂಟು. ವಾರಕ್ಕೆ ಸರಾಸರಿ 3 ಸಲ ಹೋಗುತ್ತದೆ ಎಂದಾದರೆ ಒಂದೂ ಸಲ ಹೋಗದ ವಾರದ ಸಂಭವನೀಯತೆ ಸುಮಾರು 0.05. ಆದರೆ ಗಾಳಿಮಳೆಯ ದಿನ ಒಮ್ಮೆ ಹೋದದ್ದು ಬಂದು ಮತ್ತೆ ಹೋಗುತ್ತದೆ, ಪಾಯ್ಸನ್ ಕೇಳುವ ಸ್ವತಂತ್ರತೆ ಅಲ್ಲಿಲ್ಲ. ಪರೀಕ್ಷೆಗೆ ಸಾಕಾಗುತ್ತದೆ.

ಸರಾಸರಿಯ ಎರಡೂ ಕಡೆ ಗಂಟೆಯಾಕಾರದಲ್ಲಿ ಹರಡಿಕೊಳ್ಳುವ ನಾರ್ಮಲ್ ಹಂಚಿಕೆಗೆ ಬಂದಾಗ ನನ್ನನ್ನು ಬೀಳಿಸಿದ್ದು ಟೇಬಲ್ಲು. ಝಡ್ ಎಂದರೆ ಸರಾಸರಿಯಿಂದ ಎಷ್ಟು ಮಾನಕ ವಿಚಲನೆ (ಅಂಕಿಗಳು ಸರಾಸರಿಯ ಆಚೀಚೆ ಎಷ್ಟು ಹರಡಿವೆ ಎಂಬ ಅಳತೆ) ದೂರ ಇದ್ದೇವೆ ಎಂಬುದು, ಟೇಬಲ್ಲು ಕೊಡುವುದು ಗಂಟೆಯ ಕೆಳಗಿನ ವಿಸ್ತೀರ್ಣ, ಅದೇ ಸಂಭವನೀಯತೆ. ನಾನು ಅಭ್ಯಾಸ ಮಾಡಿದ ಪುಸ್ತಕದ ಟೇಬಲ್ಲು 0ಯಿಂದ ಝಡ್‌ವರೆಗಿನ ವಿಸ್ತೀರ್ಣ ಕೊಡುತ್ತಿತ್ತು, ಪರೀಕ್ಷೆಯಲ್ಲಿ ಕೊಟ್ಟದ್ದು ಎಡಗಡೆಯ ಬಾಲದಿಂದ ಝಡ್‌ವರೆಗಿನದ್ದು. ಝಡ್ 1.5 ಆದಾಗ ಮೊದಲನೆಯದರಲ್ಲಿ 0.4332, ಎರಡನೆಯದರಲ್ಲಿ 0.9332. ನಾನು ಅಭ್ಯಾಸಬಲದಲ್ಲಿ 0.9332ಕ್ಕೆ ಇನ್ನೊಂದು 0.5 ಕೂಡಿಸಿ 1.4332 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಬಂದೆ. ಒಂದಕ್ಕಿಂತ ದೊಡ್ಡ ಸಂಭವನೀಯತೆ! ಅಂದಿನಿಂದ ಯಾವ ಟೇಬಲ್ಲು ಕೈಗೆ ಬಂದರೂ ಮೊದಲು ಝಡ್ 0.00ರ ಮನೆ ನೋಡುತ್ತೇನೆ. ಅಲ್ಲಿ 0.0000 ಇದ್ದರೆ ಒಂದು ಜಾತಿ, 0.5000 ಇದ್ದರೆ ಇನ್ನೊಂದು. ಮತ್ತೆ, ಗಂಟೆಯಾಕಾರದ ಚಿತ್ರ ಬರೆದು ಬೇಕಾದ ಭಾಗಕ್ಕೆ ಗೀಟು ಹಾಕದೆ ಅಂಕಿ ಮುಟ್ಟುವುದಿಲ್ಲ. ಗೀಟು ಹಾಕಿದ ಭಾಗ ಅರ್ಧಕ್ಕಿಂತ ಚಿಕ್ಕದು ಕಂಡರೆ ಉತ್ತರವೂ 0.5ಕ್ಕಿಂತ ಚಿಕ್ಕದು ಬರಬೇಕು. ಇದೊಂದರಿಂದಲೇ ಎಷ್ಟೋ ಅಂಕ ಉಳಿದವು.

ಇನ್ನು ನಿಜವಾದ ಕಗ್ಗಂಟು. ಒಂದು ಒಣ ಅಡಿಕೆಯ ತೂಕದ ಸರಾಸರಿ 8 ಗ್ರಾಂ, ಮಾನಕ ವಿಚಲನೆ 1.2 ಗ್ರಾಂ, ಹಂಚಿಕೆ ನಾರ್ಮಲ್ ಎಂದು ಲೆಕ್ಕಕ್ಕೆ ಹಿಡಿಯಿರಿ. ಪ್ರಶ್ನೆ ಒಂದು: ಕೈಗೆ ಬಂದ ಒಂದು ಅಡಿಕೆ 7.7 ಗ್ರಾಂಗಿಂತ ಹಗುರ ಇರುವ ಸಂಭವನೀಯತೆ ಎಷ್ಟು? ಪ್ರಶ್ನೆ ಎರಡು: 36 ಅಡಿಕೆ ತೆಗೆದರೆ ಅವುಗಳ ಸರಾಸರಿ ತೂಕ 7.7 ಗ್ರಾಂಗಿಂತ ಕಡಿಮೆ ಇರುವ ಸಂಭವನೀಯತೆ ಎಷ್ಟು? ನನಗೆ ಎರಡೂ ಒಂದೇ ಎನಿಸಿ ಎರಡಕ್ಕೂ 1.2ರಿಂದಲೇ ಭಾಗಿಸಿದ್ದೆ.

ಮೊದಲನೆಯದಕ್ಕೆ ಅದು ಸರಿ. 0.3ನ್ನು 1.2ರಿಂದ ಭಾಗಿಸಿದರೆ 0.25, ಎಡಕ್ಕೆ ಇರುವುದರಿಂದ ಝಡ್ −0.25, ಸಂಭವನೀಯತೆ ಸುಮಾರು 0.40. ನೂರು ಅಡಿಕೆಯಲ್ಲಿ ನಲವತ್ತು ಹಾಗಿರುತ್ತವೆ, ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಎರಡನೆಯದರಲ್ಲಿ ಅಲುಗುವುದು ಒಂದು ಅಡಿಕೆಯ ತೂಕ ಅಲ್ಲ, 36ರ ಸರಾಸರಿ. ಅದರಲ್ಲಿ ಚಿಕ್ಕದೂ ದೊಡ್ಡದೂ ಸೇರಿ ಒಂದನ್ನೊಂದು ಸಮ ಮಾಡಿಕೊಳ್ಳುವುದರಿಂದ ಅಲುಗಾಟ ಕಡಿಮೆ: 1.2ನ್ನು 36ರ ವರ್ಗಮೂಲ 6ರಿಂದ ಭಾಗಿಸಿ 0.2. ಇದಕ್ಕೆ ಸ್ಟಾಂಡರ್ಡ್ ಎರರ್ ಎಂದು ಹೆಸರು. ಝಡ್ −1.5, ಸಂಭವನೀಯತೆ 0.0668. ಅದೇ 7.7, ಒಂದು ಕಡೆ ನೂರಕ್ಕೆ ನಲವತ್ತು, ಇನ್ನೊಂದು ಕಡೆ ಏಳು ಕೂಡ ಇಲ್ಲ.

ಪುಸ್ತಕದಲ್ಲಿ ಇದನ್ನೆಲ್ಲ ಓದಿದ್ದೆ. ಆದರೆ ತಲೆಗೆ ಹೊಕ್ಕಿದ್ದು ಬಂಗಾರದಂಗಡಿಯ ತಕ್ಕಡಿಯಂಥ ಚಿಕ್ಕ ತಕ್ಕಡಿಯೊಂದನ್ನು ನೆರೆಮನೆಯ ಅಕ್ಕನಿಂದ ಕಡ ತಂದು ಒಂದೊಂದೇ ಅಡಿಕೆ ತೂಗಿದ ದಿನ. ಒಂದು 6, ಇನ್ನೊಂದು 10, ಮುಳ್ಳು ಕುಣಿಯುತ್ತದೆ. ಹತ್ತತ್ತು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ಎಂಟರ ಆಚೀಚೆಯೇ ನಿಲ್ಲುತ್ತದೆ. ಅಪ್ಪ ಬಂದು ನೋಡಿ, "ಎಂತ ಮಾರಾಯ್ತಿ, ಅಡಿಕೆ ತೂಗ್ಲಿಕ್ಕೆ ಕಾಲೇಜಿಗೆ ಹೋಗ್ಬೇಕಾ?" ಅಂದರು. ಅಂದು ರಾತ್ರಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದೆ: 'ಇಲ್ಲಿ ಯಾವುದು ಅಲುಗುತ್ತದೆ?' ಈಗ ಟ್ಯೂಷನ್ನಿಗೆ ಬರುವ ಮಕ್ಕಳಿಗೂ ಸೂತ್ರ ಕೇಳುವುದಿಲ್ಲ, ಇದನ್ನೇ ಕೇಳುತ್ತೇನೆ.

ಈ ಪ್ರಶ್ನೆಯೇ ವಿಶ್ವಾಸಾಂತರವನ್ನೂ, ಅಂದರೆ ಮಾದರಿಯಿಂದ ರಾಶಿಯ ಸರಾಸರಿಗೆ ಹಾಕುವ 'ಇಷ್ಟರಿಂದ ಇಷ್ಟು' ಎಂಬ ಅಂದಾಜನ್ನೂ, ಬಿಡಿಸಿಕೊಟ್ಟಿತು. ಲೆಕ್ಕ ಸುಲಭ. 36 ಅಡಿಕೆಯ ಸರಾಸರಿ 7.8 ಬಂತು, ಸ್ಟಾಂಡರ್ಡ್ ಎರರ್ 0.2. 95%ಗೆ 1.96ರಿಂದ ಗುಣಿಸಿದರೆ 0.39. ಹಾಗಾಗಿ 7.41ರಿಂದ 8.19. ಅದರ ಕೆಳಗೆ ನಾನು 'ರಾಶಿಯ ನಿಜವಾದ ಸರಾಸರಿ ಈ ಎರಡರ ನಡುವೆ ಇರುವ ಸಂಭವನೀಯತೆ 95%' ಎಂದು ಬರೆದೆ, ಮೇಷ್ಟ್ರು ಕೆಂಪು ಗೀಟು ಹಾಕಿದರು. ಯಾಕೆಂದು ಕೇಳಿದ್ದಕ್ಕೆ, ರಾಶಿಯ ಸರಾಸರಿ ಅಲುಗುತ್ತದಾ ಎಂದರು. ಅಲುಗುವುದಿಲ್ಲ. ನಮಗೆ ಗೊತ್ತಿಲ್ಲ ಅಷ್ಟೇ, ಅದು ಇದ್ದಲ್ಲೇ ಇದೆ. ಅಲುಗುವುದು ನಾವು ಹಾಕುವ ಅಂತರ. ಇನ್ನೊಂದು 36 ತೆಗೆದರೆ ಅದು ಬೇರೆ ಕಡೆ ಹೋಗಿ ಕೂರುತ್ತದೆ. ಜಾತ್ರೆಯಲ್ಲಿ ಸಾಬೂನಿಗೆ ಬಳೆ ಎಸೆಯುವ ಆಟ ಇದೆಯಲ್ಲ, ಹಾಗೆ. ಸಾಬೂನು ಕೂತಲ್ಲೇ ಕೂತಿರುತ್ತದೆ. 95% ಎನ್ನುವುದು ಎಸೆಯುವ ಕೈಯ ಗುಣ, ಬಿದ್ದ ಒಂದು ಬಳೆಯದ್ದಲ್ಲ. 1937ರಲ್ಲಿ ಸಂಖ್ಯಾಶಾಸ್ತ್ರಜ್ಞ ನೇಯ್ಮನ್ ಈ ವಿಧಾನವನ್ನು ವಿವರವಾಗಿ ಮಂಡಿಸಿದ್ದು ಇದೇ ಅರ್ಥದಲ್ಲಿ.

ನನಗೆ ನಂಬಿಕೆ ಬರಲಿಲ್ಲ, ಮಾಡಿ ನೋಡಿದೆ. ಕರಿಗೋಟಿನ ರಾಶಿಯಿಂದ 500 ಎಣಿಸಿ, 60ಕ್ಕೆ ಕೆಂಪು ನೈಲ್ ಪಾಲಿಶಿನ ಚುಕ್ಕೆ ಇಟ್ಟೆ. ಅಂದರೆ ನಿಜವಾದ ಪ್ರಮಾಣ 12% ಎಂದು ನನಗೆ ಗೊತ್ತು. ಹೆಡಿಗೆಯಲ್ಲಿ ಹಾಕಿ ಕಲಸಿ, ಕಣ್ಣು ಮುಚ್ಚಿ 50 ತೆಗೆದು, ಚುಕ್ಕೆ ಎಣಿಸಿ, ಅಂತರ ಲೆಕ್ಕ ಹಾಕಿ, ಮತ್ತೆ ಹಾಕಿ ಕಲಸಿ, ಹೀಗೆ 20 ಸಲ. ಎರಡು ದಿನ ಹಿಡಿಯಿತು. 18 ಅಂತರಗಳ ಒಳಗೆ 12% ಇತ್ತು, ಎರಡರಲ್ಲಿ ಇರಲಿಲ್ಲ. ತಪ್ಪಿದ ಎರಡರಲ್ಲೂ 50ಕ್ಕೆ 2 ಚುಕ್ಕೆ ಮಾತ್ರ ಸಿಕ್ಕಿತ್ತು. ಆಗ ಪ್ರಮಾಣ 0.04, ಸ್ಟಾಂಡರ್ಡ್ ಎರರ್ (0.04ನ್ನು 0.96ರಿಂದ ಗುಣಿಸಿ, 50ರಿಂದ ಭಾಗಿಸಿ, ವರ್ಗಮೂಲ ತೆಗೆದರೆ) 0.0277, ಅಂತರ −1.4%ರಿಂದ 9.4%. ಋಣ ಪ್ರಮಾಣ! ಸೊನ್ನೆಗಿಂತ ಕಡಿಮೆ ಚುಕ್ಕೆ ಇರುವ ಅಡಿಕೆ ರಾಶಿ ಎಲ್ಲಿಂದ ಬಂತು? ಮಾದರಿ ಚಿಕ್ಕದಾಗಿ, ಪ್ರಮಾಣ ಸೊನ್ನೆಯ ಹತ್ತಿರ ಇದ್ದಾಗ ಪುಸ್ತಕದ ಈ ಸೂತ್ರ ಸೋಲುತ್ತದೆ ಎಂದು ನನಗೆ ಗೊತ್ತಾದದ್ದು ಹಾಗೆ. ಒಂದೂ ಚುಕ್ಕೆ ಸಿಗದಿದ್ದರೆ ಇನ್ನೂ ತಮಾಷೆ, ಅಂತರದ ಅಗಲವೇ ಸೊನ್ನೆ. ಅಂಥಲ್ಲಿ 3ನ್ನು ಮಾದರಿಯ ಸಂಖ್ಯೆಯಿಂದ ಭಾಗಿಸುವ ಒಂದು ಅಂದಾಜು ಲೆಕ್ಕ ಉಂಟು: 20ರ ಬೊಗಸೆಯಲ್ಲಿ ಒಂದೂ ಪಟೋರ ಕಾಣದಿದ್ದರೂ ರಾಶಿಯಲ್ಲಿ 15%ವರೆಗೂ ಇರಬಹುದು.

ಟಿ ಟೇಬಲ್ಲು ಯಾವಾಗ, ಝಡ್ ಯಾವಾಗ ಎಂಬ ಗೊಂದಲವೂ ಇದೇ ದಾರಿಯಲ್ಲಿ ತೀರಿತು. ಮಾನಕ ವಿಚಲನೆ ಪ್ರಶ್ನೆಯಲ್ಲೇ ಕೊಟ್ಟಿದ್ದರೆ ಅಲುಗುವುದು ಸರಾಸರಿ ಒಂದೇ, ಝಡ್ ಸಾಕು. ಅದನ್ನೂ ಮಾದರಿಯಿಂದಲೇ ತೆಗೆದಿದ್ದರೆ ಅಲುಗುವವು ಎರಡು, ಹಾಗಾಗಿ ಅಂತರ ಸ್ವಲ್ಪ ಅಗಲ ಬೇಕು. ಆ ಹೆಚ್ಚಿನ ಅಗಲದ ಅಂಕಿ ಕೊಡುವುದೇ ಟಿ ಟೇಬಲ್ಲು: 16 ಅಡಿಕೆಗೆ 1.96ರ ಬದಲು 2.131. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಾಸೆಟ್ ಇದನ್ನು ಕಂಡುಕೊಂಡದ್ದೂ ಕೈಯಲ್ಲಿ ಸಣ್ಣ ಸಣ್ಣ ಮಾದರಿಗಳು ಮಾತ್ರ ಇದ್ದದ್ದರಿಂದ. 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿಟ್ಟುಕೊಂಡು ಪ್ರಕಟಿಸಿದ. ಬಾರ್ಲಿಯ ಜಾಗದಲ್ಲಿ ಅಡಿಕೆ ಇಟ್ಟರೆ ನಮ್ಮ ಮನೆಯದ್ದೇ ಕಥೆ.

ಕೊನೆಯ ಪರೀಕ್ಷೆಯಲ್ಲಿ 80ಕ್ಕೆ 66 ಬಂತು. ನಾಲ್ಕು ಅಂಕ ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲ ಒತ್ತಲು ಮರೆತು ಹೋದವು.

ಹೋದ ವರ್ಷ ಅಡಿಕೆ ಕೊಡುವ ಮೊದಲು ಅಪ್ಪನೇ ರಾಶಿಯ ಬೇರೆ ಬೇರೆ ಕಡೆಯಿಂದ ನೂರು ತೆಗೆದು ಹೆಕ್ಕಿ, ಕ್ಯಾಲೆಂಡರಿನ ಮೇಲೆ '100ಕ್ಕೆ 12 ಪಟೋರ' ಎಂದು ಬರೆದಿಟ್ಟಿದ್ದರು. ನಾನು ಅದರ ಕೆಳಗೆ '6ರಿಂದ 18' ಎಂದು ಪೆನ್ಸಿಲಿನಲ್ಲಿ ಸೇರಿಸಿದೆ.

"ಇಷ್ಟು ಅಗಲದ ಉತ್ತರ ಹೇಳಿದ್ರೆ ಅಂಗಡಿಯವ ನಗಾಡ್ತಾನೆ. ಅರ್ಧ ಆದ್ರೂ ಕಮ್ಮಿ ಮಾಡ್ಲಿಕ್ಕೆ ಆಗುದಿಲ್ವಾ?"

"ಆಗ್ತದೆ ಅಪ್ಪ. ನಾಲ್ಕು ಪಾಲು ಎಣಿಸ್ಬೇಕು. ನಾನ್ನೂರು."

ಅಪ್ಪ ರಾಶಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಹೆಡಿಗೆಯನ್ನು ಕಾಲಲ್ಲಿ ನನ್ನ ಕಡೆ ದೂಡಿ, "ಉಳಿದ ಮುನ್ನೂರು ನೀನೇ ಹೆಕ್ಕು" ಎಂದು ಚಾ ಕುಡಿಯಲು ಒಳಗೆ ಹೋದರು.